ಬೈರಪ್ಪನ ಮನೆ ಪತ್ರ

ಬೈರಪ್ಪ ಜರ್ಮನಿಗೆ ಹೊರಟ ದಿನ ಹನುಮಕ್ಕ ಅಳಲಿಲ್ಲ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ, ಆಮೇಲೆ ನೀನೂ ಬರುತ್ತೀಯ ಎಂದು ಅವನು ಹೇಳಿದ್ದ. ಅವನು ಹೇಳಿದ್ದನ್ನು ಮಾಡುವವನು. ಅದಕ್ಕೇ ಅಳಲಿಲ್ಲ.

ಕಾಮಾಕ್ಷಿಪಾಳ್ಯದಲ್ಲಿ ಅವರದು ಹೆಂಚಿನ ಮನೆ. ಮಾಗಡಿ ರಸ್ತೆಯ ಆಚೆಗೆ ಎರಡೂವರೆ ಎಕರೆ ರಾಗಿ ಹೊಲ ಇತ್ತು. ರಾಜಾಜಿನಗರ ಬಡಾವಣೆ ಬಂದಾಗ ಹೊಲ ಹೋಯಿತು. ಹೊಲದ ಬದುವಿನಲ್ಲಿ ಬೈರಪ್ಪನ ಅಪ್ಪನನ್ನು ಹೂಳಿದ್ದರು. ಮಣ್ಣು ಮಾಡಿ ಮೂರು ವರ್ಷ ತುಂಬಿರಲಿಲ್ಲ, ಸಮಾಧಿಯ ಗುಡ್ಡೆಯ ಮೇಲೆ ರಸ್ತೆ ಬಂತು. ಅತ್ತೆ ಅಕ್ಕಯ್ಯಮ್ಮ ಮಹಾಲಯ ಅಮಾವಾಸ್ಯೆಗೆ ಆ ರಸ್ತೆಗೆ ಹೋಗಿ, ಮೋರಿಯ ಪಕ್ಕ ಎಡೆ ಇಟ್ಟು ಬರುತ್ತಿದ್ದಳು.

ಹೊಲ ಹೋದ ಮೇಲೆ ಬೈರಪ್ಪ ಬಡಾವಣೆ ಪಕ್ಕದಲ್ಲಿ ಎದ್ದ ಒಂದು ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್ ಆದ. ಮಾತು ಕಮ್ಮಿ, ಕೈ ಚುರುಕು. ೧೯೫೬ರಲ್ಲಿ ಕಾರ್ಖಾನೆ ಇಬ್ಬರನ್ನು ಆರಿಸಿ ಜರ್ಮನಿಯ ಕಾಸೆಲ್ ಅನ್ನುವ ಊರಿಗೆ ಕಳಿಸಿತು. ಒಬ್ಬ ಬೈರಪ್ಪ. ಇನ್ನೊಬ್ಬ ರಾಜಾಜಿನಗರದ ನಾಣಿ, ಮದುವೆಯಾಗದ ಹುಡುಗ. ನಾಣಿ ಎರಡು ವರ್ಷಕ್ಕೆ ಒಪ್ಪಿಕೊಂಡ. ಬೈರಪ್ಪ ಐದು ವರ್ಷಕ್ಕೆ ಸಹಿ ಹಾಕಿದ. ಐದು ವರ್ಷ ಇರುವವರು ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ಹಡಗಿನ ಖರ್ಚು ಕಾರ್ಖಾನೆಯದು. ಆದರೆ ಅಲ್ಲಿನ ಸರ್ಕಾರದ್ದೊಂದು ಕಟ್ಟಳೆ. ಗಂಡ ಅಲ್ಲಿ ಬೇರೆ ಬಾಗಿಲಿನ ಮನೆ ಬಾಡಿಗೆಗೆ ಹಿಡಿದಿರಬೇಕು, ಮನೆ ಮಾಲೀಕರು ಸಹಿ ಮಾಡಿದ ಪತ್ರ ತೋರಿಸಬೇಕು. ಪತ್ರ ಇಲ್ಲದಿದ್ದರೆ ಹೆಂಡತಿ ಇಲ್ಲ.

ಮದುವೆಯಾಗಿ ಆರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಹನುಮಕ್ಕನಿಗೆ ಇಪ್ಪತ್ತಾರು. ಐದು ವರ್ಷ ಅವನು ಅಲ್ಲಿ, ಅವಳು ಇಲ್ಲಿ ಅಂದರೆ ಆಮೇಲೆ ಉಳಿಯುವುದೇನು? ಅವಳಿಗೆ ಆ ಪತ್ರ ಬೇಕಿತ್ತು. ಸೀರೆ ಬೇಡ, ಗಡಿಯಾರ ಬೇಡ. ಪತ್ರ.

ಅವನ ಕಾಗದಗಳು ನೀಲಿ ಹಾಳೆಯಲ್ಲಿ ಬರುತ್ತಿದ್ದವು. ಹನುಮಕ್ಕ ನಾಲ್ಕನೇ ಕ್ಲಾಸು ಓದಿದ್ದವಳು. ಬೆರಳಿಟ್ಟು ಓದುತ್ತಿದ್ದಳು. ಅತ್ತೆ ಗೋಡೆಗೆ ಒರಗಿ ಕೇಳುತ್ತಿದ್ದಳು.

ಕಾಸೆಲ್ ಊರಿನ ಮೇಲೆ ಯುದ್ಧದಲ್ಲಿ ಬಾಂಬು ಸುರಿದು ಅರ್ಧಕ್ಕಿಂತ ಹೆಚ್ಚು ಮನೆ ಬಿದ್ದುಹೋಗಿವೆ ಎಂದು ಬರೆದಿದ್ದ. ಬಾಡಿಗೆ ಮನೆ ಬೇಕಾದರೆ ಒಂದು ಕಛೇರಿಯಲ್ಲಿ ಹೆಸರು ಬರೆಸಬೇಕು. ಬರೆಸಿದ್ದೇನೆ. ನನ್ನ ಮುಂದೆ ಸಾವಿರಾರು ಜನ ಇದ್ದಾರೆ, ಎಲ್ಲ ಮನೆ ಕಳಕೊಂಡವರು, ಅವರದೇ ಊರು, ನಾನು ಹೊರಗಿನವನು.

"ನಮ್ ಒಲ ಓದಾಗ ನಮ್ಮೆಸ್ರು ಯಾರು ಬರ್ಕೊಂಡ್ರು?" ಎಂದಳು ಅಕ್ಕಯ್ಯಮ್ಮ. "ಅಲ್ಲಿ ಬರ್ಕೊಳ್ಳೋರಾದ್ರೂ ಅವ್ರೆ. ಮುಂದಕ್ಕೋದು."

ಶನಿವಾರದ ಪೇಪರಿನಲ್ಲಿ ಖಾಲಿ ಮನೆಗಳ ಪಟ್ಟಿ ಬರುತ್ತದೆ. ಟ್ರಾಮಿನಲ್ಲಿ ಹೋಗುತ್ತೇನೆ. ಬಾಗಿಲು ತೆಗೆಯುತ್ತಾರೆ, ಮುಖ ನೋಡುತ್ತಾರೆ, ಆಗಲೇ ಕೊಟ್ಟಾಯಿತು ಅನ್ನುತ್ತಾರೆ. ಮುಂದಿನ ಶನಿವಾರವೂ ಅದೇ ಮನೆ ಪೇಪರಿನಲ್ಲಿ ಇರುತ್ತದೆ. ಒಬ್ಬಾಕೆ ಏನು ಅಡುಗೆ ಮಾಡುತ್ತೀಯ ಎಂದು ಕೇಳಿದಳು. ಸಾರು ಅಂದರೆ ಏನೆಂದು ಹೇಳಿದೆ. ಬಾಗಿಲು ಹಾಕಿಕೊಂಡಳು. ಕೆಲವರು ಒಳ್ಳೆಯವರು. ಕೂರಿಸಿ ಕಾಫಿ ಕೊಟ್ಟು, ಆಮೇಲೆ ಇಲ್ಲ ಅನ್ನುತ್ತಾರೆ.

ಅಲ್ಲಿಯವರೆಗೆ ಅವನು ಒಬ್ಬರ ಮನೆಯ ನೆಲದ ಕೆಳಗಿನ ಕೋಣೆಯಲ್ಲಿ ಇದ್ದ. ಕಿಟಕಿಯಿಂದ ಹೋಗುವವರ ಕಾಲು ಮಾತ್ರ ಕಾಣುತ್ತದಂತೆ. ಗೋಡೆಗೆ ಒರಗಿದರೆ ಅಂಗಿ ಒದ್ದೆಯಾಗುತ್ತದಂತೆ. ಅಲ್ಲಿ ಅಡುಗೆ ಮಾಡುವಂತಿಲ್ಲ, ಯಾರನ್ನೂ ಕರೆತರುವಂತಿಲ್ಲ. ಅದಕ್ಕೆ ಪತ್ರವೂ ಇಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಪಕ್ಕದ ಮನೆ ಪಾಪಮ್ಮ ಬಾವಿಕಟ್ಟೆಯಲ್ಲಿ ಕೇಳುವುದನ್ನು ನಿಲ್ಲಿಸಲಿಲ್ಲ.

"ಏನ್ ಹನುಮಕ್ಕ, ನಿನ್ನ ಕರ್ಕೊಂಡೋಗೋ ಅಡಗು ಇನ್ನೂ ಬರ್ಲಿಲ್ವಾ?"

"ಬರ್ತದೆ."

"ಮಾಗಡಿ ರಸ್ತೆಗೇ ಬರ್ತದೋ, ಕೆಂಗೇರಿ ಗಂಟ ನಡ್ಕೊಂಡ್ ಓಗ್ಬೇಕೋ?"

ಹೆಂಗಸರು ನಕ್ಕರು. ಹನುಮಕ್ಕನೂ ನಕ್ಕಳು. ಆಗ ಇನ್ನೂ ನಗು ಬರುತ್ತಿತ್ತು.

೧೯೫೭ರ ಗೌರಿ ಹಬ್ಬದ ಹಿಂದೆಮುಂದೆ ಒಂದು ಕಾಗದ ಬಂತು. ಅಕ್ಷರಗಳು ದೊಡ್ಡದಾಗಿದ್ದವು. ಮನೆ ಸಿಕ್ಕಿತು ಎಂದು ಮೊದಲ ಸಾಲಿನಲ್ಲೇ ಬರೆದಿದ್ದ. ನಾಲ್ಕನೇ ಮಹಡಿ, ಸೂರಿನ ಕೆಳಗೆ ಒಂದು ಕೋಣೆ, ಒಂದು ಅಡುಗೆಮನೆ. ಮನೆಯಾಕೆ ಮುದುಕಿ, ಗಂಡ ಯುದ್ಧದಲ್ಲಿ ಹೋದ. ಅವಳ ಹೊಲಿಗೆ ಯಂತ್ರ ಕೆಟ್ಟಿತ್ತು, ನಾನು ಬಿಚ್ಚಿ ಸರಿ ಮಾಡಿಕೊಟ್ಟೆ. ಆಮೇಲೆ ಮನಸ್ಸು ಮಾಡಿದಳು. ಇಲ್ಲಿ ಖಾಲಿ ಮನೆ ಅಂದರೆ ಪೂರಾ ಖಾಲಿ, ದೀಪದ ಬುರುಡೆಯನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ. ಆದರೆ ಈ ಮುದುಕಿ ಹೊಸದಾಗಿ ಒಂದು ಬಿಳಿ ಒಲೆ ಹಾಕಿಸಿದ್ದಾಳೆ. ಒಂದನೇ ತಾರೀಕು ಬೀಗದಕೈ ಕೊಡುತ್ತಾಳೆ. ಅದೇ ದಿನ ಸಾಯಂಕಾಲ ಮೇಲೆ ಬಂದು ಪತ್ರಕ್ಕೆ ಸಹಿ ಹಾಕುತ್ತಾಳೆ. ನೀನು ದಪ್ಪ ರಗ್ಗು ತೆಗೆದಿಟ್ಟುಕೊ.

ಅಕ್ಕಯ್ಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿಕೊಂಡವಳೇ ಕೇಳಿದಳು.

"ಆಲು ಉಕ್ಸೋಕೆ ಯೋಳಿದ್ದೀಯಾ?"

"ಅವ್ರಿಗ್ ಗೊತ್ತಿರಲ್ವಾ ಅತ್ತೆ?"

"ಗಂಡ್ಸು ಕಣಮ್ಮಿ. ಗೊತ್ತಿದ್ರೂ ಮರೀತಾನೆ. ಬರಿ."

ಹನುಮಕ್ಕ ಅಂದೇ ಬರೆದಳು. ಹಾಲು ಉಕ್ಕಿಸದೆ ಆ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಬೇಡಿ. ಹೊಸ ಪಾತ್ರೆಯಲ್ಲಿ ಇಡಿ. ಪೂರ್ವಕ್ಕೆ ಉಕ್ಕಲಿ. ಚೆನ್ನಾಗಿ ಉಕ್ಕಿ ಒಲೆ ಮೇಲೆಲ್ಲಾ ಚೆಲ್ಲಲಿ, ಆಗಲೇ ಇಳಿಸಬೇಡಿ. ನಾವು ಇನ್ನು ಬೇರೆ ಇರುವುದು ಸಾಕು. 'ಚೆನ್ನಾಗಿ ಉಕ್ಕಲಿ' ಅನ್ನುವುದರ ಕೆಳಗೆ ಎರಡು ಗೆರೆ ಎಳೆದಳು.

ರಗ್ಗು ತೆಗೆದು ಬಿಸಿಲಿಗೆ ಹಾಕಿದಳು. ಎರಡು ಸೇರು ಹುರಿಹಿಟ್ಟು ಮಾಡಿದಳು. ಒಂದನೇ ತಾರೀಕು ಬಂತು, ಹೋಯಿತು. ದೀಪಾವಳಿಗೆ ಮುಂಚೆ ಕಾಗದ ಬಂತು. ಹಾಳೆ ತುಂಬ ಹವೆಯ ವಿಷಯ, ಕಾರ್ಖಾನೆಯ ವಿಷಯ. ಕೊನೆಯಲ್ಲಿ ಒಂದು ಸಾಲು. 'ಆ ಮನೆ ಆಗಲಿಲ್ಲ. ಬೇರೆ ನೋಡುತ್ತಾ ಇದ್ದೇನೆ.'

ಯಾಕೆ ಎಂದು ಬರೆದಿರಲಿಲ್ಲ. ಹನುಮಕ್ಕ ಕೇಳಿ ಬರೆದಳು. ಉತ್ತರದಲ್ಲಿ ಅದಕ್ಕೆ ಜವಾಬೇ ಇಲ್ಲ. ಮತ್ತೆ ಕೇಳಿದಳು. ಮತ್ತೆ ಹವೆಯ ವಿಷಯ.

"ಬಾಗ್ಲು ಮುಚ್ದೋರು ಅಷ್ಟು ಜನ ಅಂದ್ಮೇಲೆ, ತೆಗೆದೋಳೂ ಒಬ್ಳು ಇರ್ತಾಳೆ ಕಣೆ," ಎಂದಳು ಪಾಪಮ್ಮ. ಈ ಸಲ ನಗಿಸುವುದಕ್ಕೆ ಹೇಳಲಿಲ್ಲ. "ಬೆಳ್ಳಗಿರೋಳು."

ಹನುಮಕ್ಕ ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಬಂದಳು. ಕೂತು ಕಾಗದ ಬರೆದಳು. ನಾಲ್ಕೇ ಸಾಲು. ನಿಮಗೆ ಮನೆ ಬೇಕಾಗಿಲ್ಲ. ಬೇಕಾಗಿದ್ದರೆ ಸಿಗುತ್ತಿತ್ತು. ನನ್ನನ್ನು ಕಾಯಿಸಬೇಡಿ. ಕರೆಸಿಕೊಳ್ಳುವುದಿಲ್ಲ ಅನ್ನಿ, ಮುಗಿಯಿತು.

ಬರೆದು, ಅತ್ತೆಗೆ ಓದಿ ಹೇಳದೆ ಟಪಾಲು ಡಬ್ಬಿಗೆ ಹಾಕಿದಳು.

ಅದಕ್ಕೂ ಉತ್ತರ ಬಂತು. ಬಯ್ದಿರಲಿಲ್ಲ. ಚಳಿ ಜಾಸ್ತಿ, ನನಗೆ ಸ್ವಲ್ಪ ಕೆಮ್ಮು, ಇನ್ನೊಂದು ಮನೆ ಹೇಳಿದ್ದಾರೆ, ನೋಡಿ ಬರುತ್ತೇನೆ ಎಂದಿತ್ತು. ಅದೇ ಕೊನೆಯದು.

೧೯೫೮ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ನಾಲ್ಕನೇ ದಿನ, ಕಾರ್ಖಾನೆಯ ಆಫೀಸಿನಿಂದ ಸೋಮಲಿಂಗಪ್ಪ ಅನ್ನುವ ಗುಮಾಸ್ತ ಸೈಕಲ್ಲಿನಲ್ಲಿ ಬಂದ. ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದ. ಹನುಮಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಟೋಪಿ ತೆಗೆದದ್ದು ನೋಡಿ ಅವಳಿಗೆ ಗೊತ್ತಾಯಿತು.

"ನ್ಯುಮೋನಿಯಾ ಅಂತಮ್ಮ. ಎದೇಲಿ ನೀರು. ಆಸ್ಪತ್ರೆಗೆ ಸೇರಿಸಿ ಆರು ದಿನ ಇದ್ರು. ಅಲ್ಲೇ ಮಣ್ಣು ಮಾಡಿದ್ದಾರೆ. ಕಳಿಸೋಕೆ ಆಗಲ್ವಂತೆ."

ಹನುಮಕ್ಕ ಕೈಯಲ್ಲಿದ್ದ ಅವರೆಕಾಯಿಯನ್ನು ಸುಲಿದು ಮುಗಿಸಿದಳು. ಆಮೇಲೆ ಎದ್ದಳು.

ನಾಣಿ ಮೇ ತಿಂಗಳಲ್ಲಿ ವಾಪಸು ಬಂದ. ಬಂದ ಮೂರನೇ ದಿನ ಜಟಕಾದಲ್ಲಿ ಬೈರಪ್ಪನ ಟ್ರಂಕು ಹಾಕಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಬಂದ. ಹೋದಾಗ ಹುಡುಗನ ಹಾಗಿದ್ದವನು, ಈಗ ದಪ್ಪಗೆ ಆಗಿದ್ದ. ಜಗಲಿಯ ಮೇಲೆ ಕೂತು ಬಹಳ ಹೊತ್ತು ಬೂಟಿನ ದಾರ ಬಿಚ್ಚಿದ.

ಟ್ರಂಕನ್ನು ಹನುಮಕ್ಕನೇ ತೆಗೆದಳು. ಎರಡು ಪ್ಯಾಂಟು, ಒಂದು ಕೋಟು, ಒಂದು ಹೊಸ ಹಿತ್ತಾಳೆ ಪಾತ್ರೆ. ಎಲ್ಲದರ ಮೇಲೆ ಒಂದು ಕಾಗದ. ದಪ್ಪ ಕಾಗದ, ಮೊಹರು, ಸಹಿ, ಬೈರಪ್ಪನ ಹೆಸರು, ಸಂಖ್ಯೆಗಳು.

ಅವಳು ಅದನ್ನು ಎತ್ತಿಕೊಂಡಳು.

"ಮನೆ ಪತ್ರನಾ? ಸಿಕ್ಕಿತ್ತಾ?"

ನಾಣಿ ತಲೆ ತಗ್ಗಿಸಿದ. "ಅಲ್ಲ ಅಕ್ಕ. ಅದು ಅವರನ್ನ ಇಟ್ಟಿರೋ ಜಾಗದ್ದು. ಹನ್ನೊಂದನೇ ಸಾಲು, ನಲವತ್ಮೂರನೇ ನಂಬರ್ರು. ಇಪ್ಪತ್ತು ವರ್ಷಕ್ಕೆ ಅವರ ಹೆಸರಲ್ಲಿದೆ. ಅಲ್ಲಿ ಅದೂ ಬಾಡಿಗೆನೇ. ಆಮೇಲೆ ಬೇರೆಯವ್ರಿಗೆ ಕೊಡ್ತಾರೆ."

ಬಾಗಿಲ ಬಳಿ ಕೂತಿದ್ದ ಅಕ್ಕಯ್ಯಮ್ಮ ತಲೆ ಎತ್ತಿದಳು.

"ಇಪ್ಪತ್ತು ವರ್ಸನಾ?"

"ಹೌದಮ್ಮ."

"ಇವ್ರಪ್ಪಂಗೆ ಇಲ್ಲಿ, ಸ್ವಂತ ಒಲ್ದಲ್ಲಿ, ಮೂರು ವರ್ಸನೂ ಬುಡ್ಲಿಲ್ಲ," ಎಂದಳು ಅಕ್ಕಯ್ಯಮ್ಮ. ಮತ್ತೆ ತಲೆ ತಗ್ಗಿಸಿಕೊಂಡಳು.

ಹನುಮಕ್ಕ ಪತ್ರವನ್ನು ಪಕ್ಕಕ್ಕಿಟ್ಟಳು. ಟ್ರಂಕಿನ ತಳದಲ್ಲಿ ಅವಳೇ ಬರೆದ ಕಾಗದಗಳು ದಾರ ಕಟ್ಟಿ ಇದ್ದವು. ಒಂದು ಮಾತ್ರ ಕಟ್ಟಿನ ಹೊರಗಿತ್ತು. ಎರಡು ಗೆರೆ ಎಳೆದ ಕಾಗದ. ಅದರ ಅಂಚು ಕಂದು ಬಣ್ಣಕ್ಕೆ ತಿರುಗಿ ಗಡಸಾಗಿತ್ತು. ಅವಳು ಉಗುರಿನಿಂದ ಕೆರೆದಳು. ಪುಡಿ ಉದುರಿತು.

"ಇದೇನು ಕಲೆ?"

ನಾಣಿ ಬೂಟನ್ನು ಹತ್ತಿರಕ್ಕೆ ಎಳೆದುಕೊಂಡ.

"ಹಾಲಾ?"

"ಯಾರಿಗೂ ಹೇಳ್ಬೇಡ ಅಂದಿದ್ರು. ನಿಮಗಂತೂ ಹೇಳಲೇಬಾರ್ದು ಅಂತ."

"ಹೇಳದಿದ್ರೆ ನಾನು ಬಿಡಲ್ಲ ನಾಣಿ. ಆ ಮನೆ ಯಾಕೆ ಆಗ್ಲಿಲ್ಲ?"

ನಾಣಿ ಹೇಳಿದ. ಅಲ್ಲಿಯ ಒಲೆ ಸೌದೆಯದಲ್ಲ. ಕೊಳವೆಯಲ್ಲಿ ಗ್ಯಾಸು ಬಂದು ಉರಿಯುತ್ತದೆ. ಹಾಲು ಉಕ್ಕಿ ಚೆಲ್ಲಿದರೆ ಉರಿ ಆರುತ್ತದೆ, ಗ್ಯಾಸು ಮಾತ್ರ ಬರುತ್ತಲೇ ಇರುತ್ತದೆ. ಆ ಗ್ಯಾಸು ವಿಷ, ಅದನ್ನು ಕುಡಿದು ಜನ ಸಾಯುತ್ತಾರೆ. ಹನುಮಕ್ಕನಿಗೆ ಇದೆಲ್ಲ ಎಲ್ಲಿ ಗೊತ್ತು? ಅವಳ ಒಲೆಯಲ್ಲಿ ಹಾಲು ಉಕ್ಕಿದರೆ ಬೂದಿ ಕುಡಿಯುತ್ತಿತ್ತು, ಅಷ್ಟೆ. ಬೈರಪ್ಪನಿಗೆ ಗೊತ್ತಿತ್ತು. ಕಿಟಕಿ ತೆಗೆದಿಟ್ಟಿದ್ದ. ಉಕ್ಕಿದ ತಕ್ಷಣ ತಿರುಪು ಮುಚ್ಚಬೇಕೆಂದು ಕೈ ಅಲ್ಲೇ ಇಟ್ಟುಕೊಂಡಿದ್ದ. ಆದರೆ ಮುದುಕಿ ಹೇಳಿದ ಹೊತ್ತಿಗಿಂತ ಮುಂಚೆ ಬಂದಳು. ಬಾಗಿಲು ತಟ್ಟಿದ್ದಕ್ಕೆ ಅವನು ಆ ಕಡೆ ತಿರುಗಿದ. ಅಷ್ಟರಲ್ಲಿ ಹಾಲು ಬಿಳಿ ಒಲೆಯ ಮೇಲೆಲ್ಲ ಹರಿದು, ಉರಿ ಆರಿ, ವಾಸನೆ ಎದ್ದಿತ್ತು. ಮುದುಕಿ ಓಡಿ ಬಂದು ತಿರುಪು ಮುಚ್ಚಿದಳು.

"ಬೈಲಿಲ್ಲವಂತೆ. ಕೈ ತಪ್ಪಿತಾ ಅಂತ ಕೇಳಿದಳಂತೆ. ಹೂಂ ಅಂದಿದ್ರೆ ಮುಗೀತಿತ್ತು ಅಕ್ಕ. ನಾನು ಎಷ್ಟೋ ಸಲ ಅವರಿಗೆ ಅಂದೆ, ಹೂಂ ಅನ್ನೋಕೆ ಏನಾಗಿತ್ತು ನಿಮಗೆ ಅಂತ."

"ಏನಂದ್ರು?"

"ಬೇಕೂಂತಲೇ ಮಾಡಿದ್ದು ಅಂದ್ರು. ನಮ್ಮಲ್ಲಿ ಹೊಸ ಮನೇಲಿ ಹೀಗೆ ಮಾಡ್ತೀವಿ, ನನ್ ಹೆಂಡ್ತಿ ಬರೆದಿದ್ದಾಳೆ ಅಂತ ಹಾಲು ಮೆತ್ತಿದ ಕೈಯಲ್ಲೇ ನಿಮ್ಮ ಕಾಗದ ತೆಗೆದು ತೋರಿಸಿದ್ರು. ಕನ್ನಡದ ಕಾಗದ. ಆ ಮುದುಕಿಗೆ ಏನ್ ಅರ್ಥ ಆಗ್ಬೇಕು? ಅವಳು ಯುದ್ಧದಲ್ಲಿ ಮಕ್ಕಳಿಗೆ ಅರ್ಧ ಲೋಟ ಹಾಲಿಗೆ ಬೆಳಗಿಂದ ಸಾಯಂಕಾಲದವರೆಗೆ ಸಾಲಲ್ಲಿ ನಿಂತೋಳು. ಹಾಲನ್ನ ಬೇಕೂಂತ ಚೆಲ್ಲೋರೂ ಇರ್ತಾರಾ ಅಂದಳಂತೆ. ಸಹಿ ಮಾಡದೇನೇ ಪತ್ರ ಮಡಿಸ್ಕೊಂಡು ಕೆಳಗಿಳಿದು ಹೋದಳು. ಬೀಗದಕೈ ಇವರು ಮೇಜಿನ ಮೇಲಿಟ್ಟು ಬಂದ್ರು. ಮತ್ತೆ ಅದೇ ಕೆಳಗಿನ ಕೋಣೆ."

"ನನಗೆ ಬರೀಬಹುದಿತ್ತು."

"ಅವಳು ಆಸೆಪಟ್ಟು ಬರೆದಿದ್ದಾಳೆ, ಅವಳಿಂದಲೇ ಮನೆ ತಪ್ಪಿತು ಅಂತ ಹೆಂಗ್ ಬರೀಲಿ ನಾಣಿ, ಅಂದ್ರು."

ಆ ಮೇಲೆ ಬರೆದ ನಾಲ್ಕು ಸಾಲಿನ ಕಾಗದವೂ ಆ ಕಟ್ಟಿನಲ್ಲಿ ಇದ್ದೇ ಇರುತ್ತದೆ ಎಂದು ಹನುಮಕ್ಕನಿಗೆ ಗೊತ್ತಿತ್ತು. ಅವಳು ದಾರ ಬಿಚ್ಚಲಿಲ್ಲ. ಹಿತ್ತಾಳೆ ಪಾತ್ರೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಒಂದೇ ಸಲ ಬಳಸಿದ್ದು. ಚೆನ್ನಾಗಿ ತಿಕ್ಕಿ ತೊಳೆದಿದ್ದ.

ನಾಣಿ ಬೂಟು ಹಾಕಿಕೊಂಡ. ಜಟಕಾದವನು ಹೊರಗೆ ಕಾಯುತ್ತಿದ್ದ.

"ಯಾವ ಕಡೆ ಉಕ್ತು?" ಎಂದಳು ಹನುಮಕ್ಕ.

"ಏನಕ್ಕ?"

"ಹಾಲು. ಯಾವ ಕಡೆ ಉಕ್ತು ಅಂತ ಹೇಳಿದ್ರಾ?"

"ಅದನ್ನ ಹೇಳ್ಲಿಲ್ಲ ಅಕ್ಕ. ನಾನೂ ಕೇಳ್ಲಿಲ್ಲ."

"ಕೇಳ್ಬೇಕಾಗಿತ್ತು," ಎಂದಳು.