ಸಪ್ಪಳ ಮಾಡದ ಬಳೆ

ಕಾಗವಾಡದಲ್ಲಿ ನಮ್ಮ ಮಗ್ಗುಲು ಮನೆಯ ದೀಪಾಲಿ ಕಟ್ಟಿಗೆಯ ಬಳೆಗೆ ಬಣ್ಣ ಹಚ್ಚುತ್ತಾಳೆ. ಬಣ್ಣವಿಲ್ಲದ ಬೋಳು ಬಳೆ, ಕಿವಿಯೋಲೆ ಮಿರಜದಿಂದ ಬರುತ್ತವೆ. ಪಾಲಿಶ್ ಪೇಪರಿನಿಂದ ತಿಕ್ಕಿ, ಮೊದಲು ಬಿಳಿ ಬಳಿದು, ಅದು ಒಣಗಿದ ಮೇಲೆ ಬೇಕಾದ ಬಣ್ಣ ಹಚ್ಚಿ, ಹಲ್ಲುಕಡ್ಡಿಯ ತುದಿಯಿಂದ ಚುಕ್ಕಿ ಇಡುತ್ತಾಳೆ. ಆಮೇಲೆ ದ್ರಾಕ್ಷಿ ಬಳ್ಳಿ ಕಟ್ಟುವ ಸುತಳಿಗೆ ಪೋಣಿಸಿ ಬಾಗಿಲ ಬಳಿ ತೂಗುಹಾಕುತ್ತಾಳೆ. ತೋಟದಿಂದ ಬರುವ ಅವಳ ಗಂಡ ಭರತ ದಿನಾ ಅದಕ್ಕೆ ತಲೆ ಬಡಿಸಿಕೊಳ್ಳುತ್ತಾನೆ. ಬಗ್ಗಿ ಬರುವುದನ್ನು ಇನ್ನೂ ಕಲಿತಿಲ್ಲ.

ದೀಪಾಲಿಯದು ಮಾತು ಬಹಳ ಕಡಿಮೆ. ನಾನು ಒಂದು ತಾಸು ಕೂತು ಊರ ಸುದ್ದಿಯೆಲ್ಲ ಹೇಳಿದರೆ ಅವಳು 'ಹೂಂ' ಅನ್ನುತ್ತಾಳೆ. ಅವಳ ಬದಲು ಕೈಯ ಹಸಿರು ಗಾಜಿನ ಬಳೆಗಳೇ ಮಾತಾಡುತ್ತಿದ್ದವು. ಆದರೆ ಚುಕ್ಕಿ ಇಡುವಾಗ ಅವು ಜಾರಿ ಬಂದು ಹಸಿ ಬಣ್ಣದ ಮೇಲೆ ಗೆರೆ ಎಳೆಯುತ್ತಿದ್ದವು. ಒಂದು ದಿನ ಅವನ್ನು ತೆಗೆದಿಟ್ಟು, ತಾನೇ ಬಣ್ಣ ಹಚ್ಚಿದ ಕಟ್ಟಿಗೆಯ ಬಳೆ ಕೈಗೊಂದರಂತೆ ಹಾಕಿಕೊಂಡಳು.

ಅತ್ತೆ ಚನ್ನವ್ವನಿಗೆ ಕಣ್ಣು ಕಾಣುವುದಿಲ್ಲ. ಆ ವಾರ ಅವಳು ಪಡಸಾಲೆಯಲ್ಲಿ ಕೂತು, ಸೊಸೆ ಅಡುಗೆಮನೆಯಲ್ಲಿ ಇದ್ದಾಳೆಂದು ತಿಳಿದು, ತನ್ನ ನಾದಿನಿಯ ಮದುವೆಯ ಕಥೆ ತೆಗೆದಳು. ಬೀಗರು ಮುನಿಸಿಕೊಂಡದ್ದು, ಹೋಳಿಗೆ ಸಾಲದೆ ಹೋದದ್ದು, ಒಂದನ್ನೂ ಬಿಡಲಿಲ್ಲ. ದೀಪಾಲಿ ಹಿತ್ತಿಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಭರತ ಬಂದವನು ಹೊಸ್ತಿಲಲ್ಲೇ ನಿಂತು ನಕ್ಕ.

"ಅವ್ವಾ, ಯಾರ ಜೋಡಿ ಮಾತಾಡಾಕತ್ತಿ? ಒಳಗ ಯಾರೂ ಇಲ್ಲಲ್ಲ."

ಮರುದಿನ ಬೆಳಿಗ್ಗೆ ನಾನು ಹೆಪ್ಪು ಕೇಳಲು ಹೋದಾಗ ಚನ್ನವ್ವ ಸೊಸೆಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಮುತ್ತೈದಿ ಕೈಯಾಗ ಗಾಜಿನ ಬಳಿ ಇರಬೇಕು. ನನ್ನ ಮಗನ ಆಯುಷ್ಯದ ಪ್ರಶ್ನಿ ಐತಿ. ಬಳಿ ಹಾಕ್ಕೋ, ಇಲ್ಲಾ ಆ ಬಣ್ಣದ ಡಬ್ಬಿ ತಿಪ್ಪಿಗಿ ಒಗಿ."

ಆಯುಷ್ಯ ಯಾರದೋ ಆತ ಎದುರಿಗೇ ಕೂತು ರೊಟ್ಟಿ ತಿನ್ನುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

"ಕಾಕೂ, ಆ ಕಾಲ ಹೋತ್ರಿ" ಅಂದೆ.

ಚನ್ನವ್ವ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಬಳಿ ಸಪ್ಪಳ ಇದ್ರ ಆಕಿ ಎಲ್ಲಿ ಅದಾಳಂತ ನನಗ ಗೊತ್ತಾಗ್ತೈತಿ. ಈಗ ಮನಷ್ಯಾರ ಜೋಡಿ ಮಾತಾಡಾಕತ್ತೀನೋ ಗ್ವಾಡಿ ಜೋಡಿ ಮಾತಾಡಾಕತ್ತೀನೋ ತಿಳಿಯಂಗಿಲ್ಲ. ಹೊಟ್ಟಿಲೆ ಹುಟ್ಟಿದ ಮಗ ನಕ್ಕ. ಭಾಳ ನಾಚಿಕಿ ಆತವ್ವ."

ನನ್ನ ಸಿಟ್ಟು ಇಳಿಯಿತು. ಭರತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

ದೀಪಾಲಿ ಡಬ್ಬಿಗೆ ಮುಚ್ಚಳ ಹಾಕಿ ಅತ್ತೆಯ ಬಳಿ ಬಂದು ಕೂತಳು. "ಬಳಿ ಹಾಕ್ಕೊಂಡ್ರ ಕೆಲಸ ಕೆಡತೈತ್ರಿ ಅತ್ತಿ. ಎಲ್ಲಿ ಅದೀನಂತ ನಾನ ಹೇಳ್ತೀನ್ರಿ." ಅಷ್ಟು ಮಾತು ಅವಳು ಒಮ್ಮೆಗೇ ಆಡಿದ್ದನ್ನು ನಾನು ಕೇಳಿರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಇದೇ ನಡೆದಿದೆ. "ಹಿತ್ತಲಕ್ಕ ಹೊಂಟೀನ್ರಿ." "ಒಳಗ ಬಂದೀನ್ರಿ." "ಹಳದಿ ಹಚ್ಚಾಕತ್ತೀನ್ರಿ." ಹಳದಿ ಬೇಡ, ಕೆಂಪು ಹಚ್ಚು ಎನ್ನುತ್ತಾಳೆ ಚನ್ನವ್ವ. ದೀಪಾಲಿ 'ಹೂಂನ್ರಿ' ಎಂದು ಹಳದಿಯನ್ನೇ ಹಚ್ಚುತ್ತಾಳೆ.

ನಿನ್ನೆ ಸಂಜೆ ಚನ್ನವ್ವ ಬೆಳ್ಳುಳ್ಳಿ ಸುಲಿಯುತ್ತ ಏನೋ ಹೇಳುತ್ತಿದ್ದಳು. ನಡುವೆ ಸುಮ್ಮನಾಗಿ ಕಿವಿಗೊಟ್ಟಳು.

"ಇಲ್ಲೇ ಅದೀನ್ರಿ" ಎಂದಳು ದೀಪಾಲಿ.

"ನಾ ಎಲ್ಲಿ ಕೇಳೀನಿ?" ಎಂದು ಚನ್ನವ್ವ ಮಾತು ಮುಂದುವರಿಸಿದಳು.