ಸೋಮವಾರದೊಳಗೆ ನಾಲ್ಕು ಹೋಸ್ ಪೈಪು

ಸ್ವೀಡನ್ನಿನ ಉಮೆಯೊದಲ್ಲಿ ಡಾಕ್ಟರನ್ನು ನೋಡಲು ಟೈಮ್ ತೆಗೆದುಕೊಳ್ಳಬೇಕು, ಕೂದಲು ಕತ್ತರಿಸಿಕೊಳ್ಳಲು ಟೈಮ್ ತೆಗೆದುಕೊಳ್ಳಬೇಕು, ಕಟ್ಟಡದ ಬಟ್ಟೆ ಒಗೆಯುವ ಮೆಷಿನ್ನಿಗೂ ಟೈಮ್ ತೆಗೆದುಕೊಳ್ಳಬೇಕು. ಇಷ್ಟೆಲ್ಲ ಗೊತ್ತಿದ್ದೂ, ಕಾರು ರಿಪೇರಿ ಮಾತ್ರ ಕೇಳಿದ ತಕ್ಷಣ ಆಗಿಬಿಡುತ್ತದೆ ಎಂದು ನಾನು ಯಾವ ಧೈರ್ಯದಲ್ಲಿ ನಂಬಿದ್ದೆನೋ. ವರ್ಕ್‌ಶಾಪಿನ ಹೆಂಗಸು ಫೋನಿನಲ್ಲಿ ಬಹಳ ಮರ್ಯಾದೆಯಿಂದ, ಮೂರು ವಾರ ಬಿಟ್ಟು ತನ್ನಿ ಎಂದಳು. ಅವತ್ತು ಗುರುವಾರ. ನನಗೆ ಕಾರು ಬೇಕಾಗಿದ್ದದ್ದು ಸೋಮವಾರಕ್ಕೆ.

ಸೋಮವಾರ ನನ್ನ ಕೆಲಸದ ಮೊದಲ ದಿನ. ಇವರು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು. ನಾನು ಇವರ ಹೆಂಡತಿಯಾಗಿ ಬಂದವಳು. ದಾವಣಗೆರೆಯ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತಿದ್ದವಳು ಇಲ್ಲಿಗೆ ಬಂದ ಮೇಲೆ ಮಗು ಹೆತ್ತೆ, ಸ್ವೀಡಿಷ್ ಕಲಿತೆ, ಅರ್ಜಿಗಳನ್ನು ಹಾಕಿ ಹಾಕಿ ಸುಸ್ತಾದೆ. ಕೊನೆಗೆ ಒಂದು ಗಂಟೆ ದಾರಿಯಾಚೆಯ ಪುಟ್ಟ ಊರಿನ ಡೈರಿಯವರು ಹಾಲು ಪರೀಕ್ಷೆಯ ಲ್ಯಾಬಿಗೆ ನನ್ನನ್ನು ತೆಗೆದುಕೊಂಡಿದ್ದರು. ಆರು ತಿಂಗಳು ಪ್ರೊಬೇಷನ್. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಆ ಊರಿಗೆ ಮೊದಲ ಬಸ್ಸು ಮುಟ್ಟುವುದೇ ಎಂಟೂವರೆಗೆ.

ಇವರಿಗೆ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. ಹೊಟ್ಟೆಕಿಚ್ಚಲ್ಲ, ಭಯ. ಇವರ ಸಹೋದ್ಯೋಗಿಯೊಬ್ಬರ ಕಾರಿಗೆ ಅದೇ ರಸ್ತೆಯಲ್ಲಿ ಎಲ್ಯ್ ಅಡ್ಡ ಬಂದಿತ್ತು. ಎಲ್ಯ್ ಅಂದರೆ ಕಡವೆಯ ಜಾತಿಯದೇ, ಆದರೆ ಎತ್ತಿಗಿಂತ ಎತ್ತರ. ಕತ್ತಲು, ಮಂಜುಗಡ್ಡೆಯ ರಸ್ತೆ, ಅದರಲ್ಲಿ ನಾನೊಬ್ಬಳೇ. ಇವರ ಬಾಯಲ್ಲಿ ಒಂದು ತಿಂಗಳಿಂದ ಇದೇ ಪಾರಾಯಣ. ಬುಧವಾರ ದಾಗಿಸ್‌ನಿಂದ, ಅಂದರೆ ಮಗಳ ಶಿಶುವಿಹಾರದಿಂದ, ಬರುವಾಗ ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದು, ಕಾರಿನೊಳಗೆಲ್ಲ ಸಿಹಿ ವಾಸನೆ ತುಂಬಿದಾಗ ಇವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಂಡಿತು. ನನಗೆ ಮೈಯೆಲ್ಲ ಉರಿದುಹೋಯಿತು.

“ಫೋನ್ ಮಾಡಿ ಹೇಳಿಬಿಡು ಕಣೆ, ಕಾರ್ ಪ್ರಾಬ್ಲಮ್ ಅಂತ. ಅವ್ರೇನು ಅರ್ಥ ಮಾಡ್ಕೊಳಲ್ವಾ?” ಎಂದರು.

“ಮಾಡ್ಕೋತಾರೆ. ಅರ್ಥ ಮಾಡ್ಕೊಂಡು ಇನ್ನೊಬ್ಬರನ್ನ ತಗೋತಾರೆ,” ಎಂದೆ.

ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ಮೇಲಿನ ಹೋಸ್ ಪೈಪು ಬಿರುಕು ಬಿಟ್ಟಿತ್ತು. ಕೆಳಗಿನದು ಉಬ್ಬಿತ್ತು. ಹೀಟರಿಗೆ ಹೋಗುವ ಎರಡು ಒಣಗಿ ಕೊರಡಾಗಿದ್ದವು. ಒಂದು ಹೋದರೆ ಉಳಿದವು ಅದರ ಹಿಂದೆಯೇ ಹೋಗುವಂಥವು. ನಾಲ್ಕನ್ನೂ ನಾನೇ ಬದಲಾಯಿಸುತ್ತೇನೆ ಎಂದು ಅಲ್ಲೇ ನಿಂತು ಘೋಷಿಸಿದೆ. ಇವರು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ನಾನೇನು ಗಾಳಿಯಲ್ಲಿ ಗುದ್ದುತ್ತಿರಲಿಲ್ಲ. ನಮ್ಮ ಅಪ್ಪನ ಬಳಿ ಹಳೆಯ ಜೀಪಿತ್ತು. ಅದರ ಅರ್ಧ ಆಯುಷ್ಯ ಮನೆ ಮುಂದೆ ಬಾನೆಟ್ ತೆರೆದುಕೊಂಡೇ ಕಳೆಯಿತು. ಸ್ಪ್ಯಾನರ್ ಕೊಡು ಎಂದರೆ ಕೊಡುತ್ತ, ಇಲ್ಲಿ ಹಿಡಿದುಕೋ ಎಂದರೆ ಹಿಡಿದುಕೊಳ್ಳುತ್ತ ಬೆಳೆದವಳು ನಾನು. ಇಲ್ಲಿ ಊರಾಚೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗ್ಯಾರೇಜಿದೆ. ಕಾರನ್ನು ಮೇಲೆತ್ತುವ ಲಿಫ್ಟು, ಗೋಡೆ ತುಂಬ ಸಾಮಾನು, ಒಳಗೆ ಬೆಚ್ಚಗೆ. ಅದಕ್ಕೂ ಟೈಮ್ ತೆಗೆದುಕೊಳ್ಳಬೇಕು, ಆದರೆ ಶನಿವಾರ ಬೆಳಿಗ್ಗೆಗೆ ಸಿಕ್ಕಿತು. ಶುಕ್ರವಾರ ಪೈಪು, ಅದನ್ನು ಬಿಗಿಯುವ ಕ್ಲಾಂಪು ತಂದೆ. ಶನಿವಾರ ಅಲ್ಲಲ್ಲಿ ನಿಲ್ಲಿಸಿ ನೀರು ಕುಡಿಸುತ್ತ ಕಾರನ್ನು ಅಲ್ಲಿಯವರೆಗೆ ಒಯ್ದೆ.

ಎಂಜಿನ್ ಆರಿದ ಮೇಲೆ ಕೆಳಗೆ ತೊಟ್ಟಿಯಿಟ್ಟು ಉಳಿದದ್ದನ್ನೆಲ್ಲ ಬಸಿದೆ. ಮೇಲಿನ ಪೈಪು ತಿರುಚಿದ ಕೂಡಲೇ ಕೈಗೆ ಬಂತು. ಹೀಟರಿನವು ಲೋಹಕ್ಕೆ ಅಂಟಿಕೊಂಡು ಬರುವುದಿಲ್ಲ ಎಂದವು. ಅವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಸುಲಿದೆ. ನನ್ನ ಜೀವ ತಿಂದದ್ದು ಕೆಳಗಿನ ಪೈಪು. ಅದರ ಕ್ಲಾಂಪಿನ ಬಾಯಿ ಗೋಡೆಯ ಕಡೆಗೆ ತಿರುಗಿ ಕೂತ ಮಗುವಿನ ಮುಖದಂತೆ ಎಂಜಿನ್ನಿನ ಕಡೆಗಿತ್ತು. ಕೈ ಹೋದರೆ ಕಣ್ಣು ಹೋಗುವುದಿಲ್ಲ, ಕಣ್ಣು ಹೋದರೆ ಕೈ ಹೋಗುವುದಿಲ್ಲ. ಬೆರಳ ಗೆಣ್ಣು ತರಚಿತು. ಕನ್ನಡದಲ್ಲಿ ಬೈದೆ. ಪಕ್ಕದಲ್ಲಿ ಟೈರು ಬದಲಾಯಿಸುತ್ತಿದ್ದವನಿಗೆ ಭಾಷೆ ತಿಳಿಯದಿದ್ದರೂ ಭಾವ ತಿಳಿದಿರಬೇಕು, ರೇಡಿಯೋ ಸದ್ದು ಜಾಸ್ತಿ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಆ ಪೈಪೂ ಬಂತು. ಹೊಸವುಗಳ ಬಾಯಿಗೆ ಸೋಪುನೀರು ಸವರಿ ಕೂರಿಸಿ, ಕ್ಲಾಂಪು ಬಿಗಿದೆ.

ಆಮೇಲೆ ಅಪ್ಪನ ಕ್ರಮದಲ್ಲೇ ಮುಂದುವರಿದೆ. ಹೊಸ ಪೈಪು ಹಾಕಿದರೆ ಮೊದಲು ನಲ್ಲಿ ನೀರು ತುಂಬಿ ಓಡಿಸಿ ನೋಡಬೇಕು. ಸೋರಲಿಲ್ಲವೆಂದರೆ ಮಾರನೇ ದಿನ ಕೂಲೆಂಟು. ದಾವಣಗೆರೆಯಲ್ಲಿ ಎಂಜಿನ್ನಿಗೆ ಇರುವುದು ಒಬ್ಬನೇ ಶತ್ರು, ಬಿಸಿಲು. ನೀರು ತುಂಬಿದೆ, ಓಡಿಸಿದೆ. ಒಂದು ಹನಿ ಸೋರಲಿಲ್ಲ. ಮನೆಯವರೆಗೆ ಓಡಿಸಿಕೊಂಡು ಬಂದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುಮಟ್ಟದಿಂದ ಅಲ್ಲಾಡಲಿಲ್ಲ. ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ನಿಲ್ಲಿಸಿ ಇವರಿಗೆ ಫೋನ್ ಮಾಡಿದೆ. ನನ್ನ ದನಿಯಲ್ಲಿ ಜಂಬ ಎಷ್ಟಿತ್ತೆಂದರೆ ಈಗ ನೆನೆದರೆ ನನಗೇ ನಗು ಬರುತ್ತದೆ.

“ಫುಲ್ ಡ್ರೈ! ನೀರು ಹಾಕಿ ಟೆಸ್ಟ್ ಮಾಡಿದೀನಿ ರೀ. ನಾಳೆ ಕೂಲೆಂಟ್ ತಂದು ಹಾಕಿದ್ರೆ ಮುಗೀತು.”

ಇವರು “ಹೂಂ” ಎಂದು ಫೋನ್ ಇಟ್ಟರು. ನಾನು ಡಿಕ್ಕಿಯಲ್ಲಿ ಸಾಮಾನು ಜೋಡಿಸುತ್ತಿದ್ದೆ. ನಾವಿರುವುದು ಮೂರನೇ ಮಹಡಿ, ಲಿಫ್ಟಿಲ್ಲ. ಸ್ವಲ್ಪ ಹೊತ್ತಿಗೆ ಮಗಳ ಕೈ ಹಿಡಿದುಕೊಂಡು ಇಳಿದು ಬಂದರು. ಬಂದವರು ಕಾರಿನ ಮುಂದೆ ನಿಂತು, ಶೂ ತುದಿಯಿಂದ ಹಿಮ ಕೆದಕಿದರು.

“ಒಳಗೆ ಬರೀ ನೀರಾ?”

“ಹೂಂ ಮತ್ತೆ.”

“ಇವತ್ತು ರಾತ್ರಿ ಮೈನಸ್ ಹದಿನಾರು ಅಂತೆ ಕಣೆ. ನೀರು ಹೆಪ್ಪುಗಟ್ಟಿ ಬೆಳಿಗ್ಗೆಗೆ ಎಂಜಿನ್ ಬಿರುಕು ಬಿಡುತ್ತೆ.”

ಗಾಜು ಒರೆಸುವ ನೀರು ಹೆಪ್ಪುಗಟ್ಟಬಾರದೆಂದು ಪ್ರತಿ ಚಳಿಗಾಲ ತಪ್ಪದೆ ಬೇರೆ ದ್ರವ ಹಾಕುವವಳು ನಾನು. ಬಾಲ್ಕನಿಯಲ್ಲಿ ಮರೆತ ನೀರಿನ ಬಾಟಲಿ ಸಿಡಿದದ್ದನ್ನು ಗುಡಿಸಿದವಳು ನಾನು. ಬಾನೆಟ್ ಎತ್ತಿದ ಕೂಡಲೇ ಮಾತ್ರ ದಾವಣಗೆರೆಗೆ ಹೊರಟುಹೋಗಿದ್ದೆ. ಎಂಜಿನ್ ಬೆಚ್ಚಗಿಡುವ ಕರೆಂಟಿನ ಹೀಟರ್ ಇದೆಯಲ್ಲ ಎಂದೆ. ಅದು ಬೆಳಗಿನ ಜಾವ ಎರಡು ಗಂಟೆ ಹೊತ್ತು ಮಾತ್ರ ಉರಿಯುವುದು, ಅಷ್ಟರಲ್ಲಿ ಎಲ್ಲ ಕಲ್ಲಾಗಿರುತ್ತದೆ ಎಂದರು. ಅಳು ಬಂತು. ಅಳುತ್ತ ಕೂರಲು ಪುರುಸೊತ್ತಿರಲಿಲ್ಲ, ನೀರನ್ನೆಲ್ಲ ಬಸಿದು ಹೆಪ್ಪುಗಟ್ಟದ ಕೂಲೆಂಟು ತುಂಬಬೇಕಿತ್ತು.

“ಬಂಕಿಗೆ ಹೋಗಿ ಕೂಲೆಂಟ್ ತನ್ನಿ,” ಎಂದೆ. “ನೀರು ಬೆರೆಸಿದ್ದು ಬೇಡ, ಗಟ್ಟಿದು. ಎಷ್ಟು ಬಸಿದ್ರೂ ಎಂಜಿನ್ ಒಳಗೆ ನೀರು ಉಳಿದಿರುತ್ತೆ.”

ಇವರು ಸೈಕಲ್ ಹತ್ತಿ ಹೋದರು. ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದಿತ್ತು. ಹಣೆಗೆ ದೀಪ ಕಟ್ಟಿಕೊಂಡು, ರಟ್ಟು ಹಾಸಿ, ಹಿಮದ ಮೇಲೆ ಬೆನ್ನು ಕೊಟ್ಟು ಮಲಗಿದೆ. ಇಡೀ ಬೆಳಗು ನನ್ನನ್ನು ಸತಾಯಿಸಿದ ಆ ಕೆಳಗಿನ ಪೈಪನ್ನೇ ಮತ್ತೆ ಬಿಚ್ಚಬೇಕಿತ್ತು. ಆದರೆ ಈ ಸಲ ಕ್ಲಾಂಪಿನ ಬಾಯಿಯನ್ನು ನಾನೇ ನನ್ನ ಕಡೆಗೆ ತಿರುಗಿಸಿ ಹಾಕಿದ್ದೆ. ಬಟ್ಟೆ ನೆನೆಸುವ ಟಬ್ಬಿಗೆ ಉಗುರುಬೆಚ್ಚಗಿನ ನೀರು ಹರಿಯಿತು. ಅರ್ಧ ನನ್ನ ಜಾಕೆಟ್ಟಿನ ತೋಳಿನೊಳಗೂ ಹೋಯಿತು. ಹಿಮದಲ್ಲಿ ಆಡುತ್ತಿದ್ದ ಮಗಳು ಬಗ್ಗಿ ನೋಡಿ, “ಅಮ್ಮ, ಸ್ನಾನನಾ?” ಎಂದಳು.

ಇವರು ಡಬ್ಬಿಗಳನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಬಂದರು. ಪೈಪು ಕೂರಿಸಿ, ಕೂಲೆಂಟು ಸುರಿದು, ಎಂಜಿನ್ ಚಾಲೂ ಮಾಡಿ ಹೀಟರ್ ಪೂರ್ತಿ ತಿರುಗಿಸಿದೆ. ಬರೀ ತಣ್ಣನೆಯ ಗಾಳಿ. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ, ಮೇಲಿನ ಪೈಪನ್ನು ಹಿಸುಕುತ್ತಿರಿ ಎಂದೆ. ಇವರು ಕೈಗವಸು ಹಾಕಿಕೊಂಡು ಹಿಸುಕಿದರು, ನಾನು ಮಟ್ಟ ನೋಡುತ್ತ ಸುರಿದೆ. ಗುಳುಗುಳು ಎಂದು ಗುಳ್ಳೆ ಬಂದವು. ಆಗ ನನಗೆ ಒಂದು ಯೋಚನೆ ಬಂತು. ಬಂದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

“ನೀವು ಏನೂ ಹೇಳದೆ ಸುಮ್ನಿದ್ದಿದ್ರೆ ಸೋಮವಾರ ನಾನು ಹೋಗ್ತಾನೇ ಇರ್ಲಿಲ್ಲ, ಅಲ್ವಾ?”

ಇವರು ಹಿಸುಕುವುದನ್ನು ನಿಲ್ಲಿಸಲಿಲ್ಲ.

“ಅದು ನನಗೂ ಹೊಳೀತು,” ಎಂದರು. “ಮೂರನೇ ಫ್ಲೋರಿಂದ ಎರಡನೇದಕ್ಕೆ ಬರೋವರೆಗೂ ಅದೇ ತಲೇಲಿತ್ತು.”

“ಆಮೇಲೆ?”

“ಆಮೇಲೇನು, ಇವಳು ‘ಪಪ್ಪಾ, ಶಿಂದಾ!’ ಅಂದ್ಲು. ಬೇಗ ಬೇಗ ಇಳಿದೆ.”

ಬೇಗ ಬಾ ಎಂದು ಮಗಳು ಸ್ವೀಡಿಷಿನಲ್ಲಿ ಅವಸರ ಮಾಡಿದ್ದಳು, ಅವಳಿಗೆ ಹಿಮದಲ್ಲಿ ಆಡುವ ಆತುರ. ಇವರು ಸುಳ್ಳು ಹೇಳಿ ಒಳ್ಳೆಯವರಾಗಬಹುದಿತ್ತು, ಆಗಲಿಲ್ಲ. ಕೋಪ ಬರಬೇಕಿತ್ತು. ಬದಲಿಗೆ ಈ ಮನುಷ್ಯನ ಮೇಲೆ ಮದುವೆಯಾದ ಹೊಸತರಲ್ಲೂ ಹುಟ್ಟದಿದ್ದ ಪ್ರೀತಿ ಹುಟ್ಟಿತು. ಕಾರಿನೊಳಗೆ ಬಿಸಿಗಾಳಿ ಬರತೊಡಗಿತು. ಮಗಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದೆ.

ಸೋಮವಾರ ಬೆಳಿಗ್ಗೆ ಐದೂವರೆಗೆ ಇವರು ಪೈಜಾಮದ ಮೇಲೆ ಜಾಕೆಟ್ ಹಾಕಿಕೊಂಡು ಕೆಳಗಿಳಿದು ಬಂದರು. ಎಲ್ಯ್, ಮಂಜುಗಡ್ಡೆ, ಕತ್ತಲೆಯ ಪಾರಾಯಣಕ್ಕೆ ನಾನು ಮೈ ಗಟ್ಟಿ ಮಾಡಿಕೊಂಡೆ. ಇವರು ಕರೆಂಟಿನ ಹೀಟರಿನ ವೈರು ಕಿತ್ತು ಸುತ್ತಿಟ್ಟರು. ಕಿಟಕಿ ಇಳಿಸುವಂತೆ ಕೈ ಮಾಡಿದರು.

“ಸಂಜೆ ಎಷ್ಟಕ್ಕೆ ಬರ್ತೀಯ? ಅನ್ನಕ್ಕೆ ಇಡ್ಬೇಕಲ್ಲ.”

ಐದೂವರೆಗೆ ಎಂದೆ. ಐದೂವರೆಗೆ ಬಂದೆ. ಅನ್ನ ಮುದ್ದೆಯಾಗಿತ್ತು, ಇಬ್ಬರೂ ಅದರ ಮಾತೆತ್ತದೆ ಉಂಡೆವು.