ಅಣ್ಣೆ ಹೂವಿಗೆ ಮುಳ್ಳು ಬೇಲಿ

ಡ್ಯೂಟಿ ಮುಗಿಸಿ ಬಂದು ಗೇಟು ತೆಗೆದರೆ, ಇದು ನಾನಿರುವ ಮನೆಯೇ ಅಲ್ಲವೇನೋ ಎನ್ನಿಸಿತು. ಬೆಳಿಗ್ಗೆ ಹೋಗುವಾಗ ಸೊಂಟದೆತ್ತರ ಅಣ್ಣೆ ಹೂವು ನಿಂತಿದ್ದ ಅಂಗಳ ಈಗ ಬೋಳಿಸಿದ ತಲೆಯಂತಾಗಿತ್ತು. ಪಕ್ಕದ ಮನೆಯ ಪುಟ್ಟತಾಯಮ್ಮ ಗುದ್ದಲಿಯನ್ನು ಗೋಡೆಗೆ ಒರಗಿಸಿ, ನನ್ನ ಜಗಲಿಯ ಮೇಲೆ ಕಾಲು ಚಾಚಿ ಕೂತು ನನಗಾಗಿಯೇ ಕಾಯುತ್ತಿದ್ದರು.

"ನೋಡಿ ಸಿಸ್ಟರಮ್ಮ, ಎಂಗ್ ಮಾಡಿವ್ನಿ ಅಂಗ್ಳಾನ! ನಿಮ್ಗೆಲ್ಲಿ ಪುರ್ಸೊತ್ತು ಅಂತ ನಾನೇ ಕೆತ್ತಾಕ್ಬುಟ್ಟೆ. ಒಂದ್ ಲೋಟ ಕಾಪಿ ಕಾಯ್ಸಿ, ಸಾಕು."

ಕೆತ್ತುವುದು ಎಂದರೆ ಇಲ್ಲಿ ಅಂಗಳದ ಹುಲ್ಲು, ಗಿಡ ಎಲ್ಲವನ್ನೂ ಗುದ್ದಲಿಯಿಂದ ಹೆರೆದು ಬರೀ ನೆಲ ಕಾಣುವಂತೆ ಮಾಡುವುದು. ಹಬ್ಬದ ಮುಂಚೆ ಕೆತ್ತದ ಮನೆಯನ್ನು ಇಡೀ ಬೀದಿ ಆಡಿಕೊಳ್ಳುತ್ತದೆ. ಅವರು ಮಾಡಿದ್ದು ಉಪಕಾರವೇ. ಅದು ಗೊತ್ತಿದ್ದೂ ನನಗೆ ಮೈಯೆಲ್ಲ ಉರಿದುಹೋಯಿತು.

ಗದಗಿನ ಕಡೆಯವಳಾದ ನಾನು ಹುಣಸೂರು ತಾಲ್ಲೂಕಿನ ಈ ಗಾವಡಗೆರೆ ಕಡೆಗೆ ಆಸ್ಪತ್ರೆಯ ನರ್ಸಾಗಿ ಬಂದಿದ್ದು ಹೋದ ಬೇಸಿಗೆಯಲ್ಲಿ. ಕರ್ನಾಟಕದೊಳಗೇ ಅಲ್ಲವೇ, ಕನ್ನಡವೇ ಅಲ್ಲವೇ ಎಂದು ಊರಿನಲ್ಲಿ ನೀವೆಲ್ಲ ಸಮಾಧಾನ ಹೇಳಿ ಬಸ್ಸು ಹತ್ತಿಸಿದಿರಿ. ನಿಮಗೇನು, ಹೇಳಿ ಮನೆಗೆ ಹೋದಿರಿ. ಬಾಡಿಗೆ ಮನೆ ಕೇಳಿದರೆ ಇಲ್ಲಿ ಮೊದಲ ಪ್ರಶ್ನೆ "ಯಾವ್ ಜನ?" ಎಂಬುದು. ನಮ್ಮಲ್ಲಿಯೂ ಕೇಳುತ್ತಾರೆ, ಆದರೆ ಚಹಾ ಕೊಟ್ಟ ಮೇಲೆ ಕೇಳುತ್ತಾರೆ. ನಾನು ಬಾಯಿ ಬಿಟ್ಟರೆ ಸಾಕು, ಔಷಧಿಗೆ ಬಂದ ಹೆಂಗಸರು ಮುಸಿಮುಸಿ ನಗುತ್ತಾರೆ. ಜೋಳದ ರೊಟ್ಟಿ ಬಡಿದರೆ ಪಟಪಟ ಸದ್ದಿಗೆ ಪಕ್ಕದ ಮನೆಯವರು ಇಣುಕುತ್ತಾರೆ. ಇವರ ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಾನು ಅಗಿದೆ. ಅದಕ್ಕೂ ನಕ್ಕರು.

ಮಳೆಗಾಲ ಬಂತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಂದ ಬರುವ ಘಾಟು ಒಣಗಲು ಹಾಕಿದ ಸೀರೆಗೂ ಹತ್ತಿಕೊಳ್ಳುತ್ತಿತ್ತು. ಭಾನುವಾರಗಳಲ್ಲಿ ಮಾತಾಡಲು ಒಬ್ಬರೂ ಇಲ್ಲದೆ ಬಾಗಿಲಲ್ಲಿ ಕೂತಿರುತ್ತಿದ್ದೆ. ಹಾಗೆ ಕೂತಾಗಲೇ ಅಂಗಳದ ಮೂಲೆಯಲ್ಲಿ ಅದು ಕಣ್ಣಿಗೆ ಬಿತ್ತು. ನೆಟ್ಟಗಿನ ದಂಟು, ತುದಿಯಲ್ಲಿ ಗುಲಾಬಿ ಬಣ್ಣದ ಕದಿರು, ಕೆಳಗಿಳಿದಂತೆ ಬೆಳ್ಳಗೆ ರೇಷ್ಮೆಯ ಹೊಳಪು. ನಮ್ಮ ಅಜ್ಜಿಯ ಹೊಲದಲ್ಲಿ ಜೋಳದ ಸಾಲುಗಳ ನಡುವೆ ಏಳುತ್ತಿದ್ದ ಅದೇ ಗಿಡ! ಅಲ್ಲಿ ಅದರ ಹೆಸರನ್ನೂ ಕೇಳದೆ ಕಿತ್ತು ಬದುವಿಗೆ ಎಸೆಯುತ್ತಿದ್ದೆವು. ಇಲ್ಲಿ ಅದು ನನಗೆ ಗುರುತಿರುವ ಒಂದೇ ಮುಖವಾಗಿತ್ತು. ಹೆಸರು ಅಣ್ಣೆ ಎಂದು ಹೇಳಿಕೊಟ್ಟವರೂ ಇದೇ ಪುಟ್ಟತಾಯಮ್ಮ. ಎಳೆಯದಿದ್ದಾಗ ಇದರ ಸೊಪ್ಪಿನ ಸಾರು ಮಾಡುತ್ತಾರಂತೆ. ನಾನು ಸಾರು ಮಾಡಲಿಲ್ಲ. ನೀರು ಹಾಕಿದೆ, ಸುತ್ತ ಬಿದ್ದು ಮೊಳೆತ ಸಸಿಗಳನ್ನು ಅಂಗಳದುದ್ದಕ್ಕೂ ಸಾಲಾಗಿ ನೆಟ್ಟೆ. ಬೀದಿಯವರು ನಿಂತು ನೋಡಿ, ಸಿಸ್ಟರಮ್ಮ ಕಳೆಗೆ ನೀರು ಹಾಕ್ತಾರೆ ಎಂದು ನಗುತ್ತಾ ಹೋದರು. ನಗಲಿ ಎಂದುಕೊಂಡೆ.

ಈಗ ಆ ಸಾಲೇ ಇಲ್ಲ.

"ಯಾರ ಹೇಳಿದ್ರು ನಿಮಗ ಕೀಳಾಕ? ಒಂದ ಮಾತು ಕೇಳಾಕ ಏನಾಗಿತ್ತು?" ಎಂದು ಕೂಗಿಯೇಬಿಟ್ಟೆ. ಸಿಟ್ಟು ಬಂದರೆ ನನಗೆ ಗದಗಿನ ಮಾತೇ ಬರುವುದು.

ಪುಟ್ಟತಾಯಮ್ಮ ಬೆಚ್ಚಿದರು. "ಅಯ್ಯೋ, ಪಿತೃಪಕ್ಸ ಬತ್ತಾ ಅದಲ್ಲವ್ವ. ಅಂಗ್ಳದಲ್ಲಿ ಕಳೆ ನಿಂತಿದ್ರೆ, ಈ ಮನೇಲಿ ಜನ ಇಲ್ಲ ಅಂದ್ಕೊಂಡು ಹಿರೀಕ್ರು ಅಂಗೇ ವಾಪಸ್ ವೊಂಟೋಯ್ತಾರೆ. ನಿಮ್ಮೋರು ಅಷ್ಟು ದೂರ್ದಿಂದ ಬರ್ಬೇಕಲ್ವಾ?"

"ನಮ್ಮ ಹಿರಿಯರಿಗೆ ಈ ಗಿಡದ ಗುರ್ತು ಐತಿ. ನಿಮ್ಮ ಬೋಳು ಅಂಗಳದ್ದು ಇಲ್ಲ."

"ಪರಸ್ಥಳದೋರು ನೀವು, ನಿಮ್ಗೆ ಗೊತ್ತಾಗಲ್ಲ ಬುಡಿ," ಎಂದು ಗುದ್ದಲಿ ಎತ್ತಿಕೊಂಡು ಹೊರಟೇಹೋದರು. ಕಾಫಿ ಕುಡಿಯಲಿಲ್ಲ. ನಾನೂ ಕರೆಯಲಿಲ್ಲ.

ಅವರ ತಿಪ್ಪೆಯ ಮೇಲೆ ರಾಶಿ ಬಿದ್ದಿದ್ದ ನನ್ನ ಗಿಡಗಳನ್ನು ಬೀದಿಯೆಲ್ಲ ನೋಡುತ್ತಿರುವಾಗಲೇ ಬಾಚಿ ತಂದೆ. ಬಲಿತ ಕದಿರುಗಳನ್ನು ಬಚ್ಚಲ ನೀರು ಹರಿಯುವ ಹಿತ್ತಿಲ ಜಾಗದಲ್ಲಿ ಕೊಡವಿದೆ. ಸಾಸಿವೆಗಿಂತ ಸಣ್ಣ ಕರಿ ಬೀಜ ಉದುರಿತು. ಸುತ್ತ ಮುಳ್ಳಿನ ಕೊಂಬೆ ತಂದು ಬೇಲಿ ಕಟ್ಟಿದೆ. ಕೈ ತರಚಿತು. ಅಷ್ಟಾದರೂ ಸಿಟ್ಟು ಇಳಿಯಲಿಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿಕೊಂಡರೆ ಅವಳು ನಕ್ಕಳು: "ಕಸಾ ಬೆಳಸಾಕ ಅಷ್ಟ ದೂರ ಹೋಗಿಯೇನವಾ? ಇಲ್ಲಿ ಅದನ್ನ ಕಿತ್ತು ಕಿತ್ತು ನಮ್ಮ ನಡಾ ಬಿದ್ದಹೋಗೇತಿ." ಅವಳ ಮೇಲೂ ಸಿಟ್ಟು ಬಂತು.

ಆಮೇಲೆ ಎಷ್ಟೋ ವಾರ ಪುಟ್ಟತಾಯಮ್ಮನಿಗೂ ನನಗೂ ಮಾತಿಲ್ಲ. ಸಂಕ್ರಾಂತಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವರೇ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಖಾಲಿ ಬುಟ್ಟಿ. ಕಣದಲ್ಲಿ ರಾಗಿ ರಾಶಿಗೆ ಪೂಜೆ. ರಾಶಿಯ ಮೇಲೆ ಸಗಣಿಯ ಬೆನಕನನ್ನು ಇಟ್ಟು, ಅದರ ನೆತ್ತಿಗೆ ಅಣ್ಣೆ ಹೂವು ಸಿಕ್ಕಿಸುವುದು ಅವರ ಮನೆಯ ಪದ್ಧತಿ. ಹೂವು ಎಲ್ಲಿಯೂ ಸಿಕ್ಕಿಲ್ಲ.

"ಒಲ್ದಲ್ಲೆಲ್ಲ ಉಡ್ಕ್ದೆ ಕಣವ್ವ. ನಮ್ ಯಜಮಾನ್ರು ಕಳೆಗೆ ಔಸ್ದಿ ಒಡ್ದವ್ರೆ, ಎಲ್ಲಾರೂ ಒಡ್ದವ್ರೆ. ಒಂದ್ ಕಡ್ಡೀನೂ ಇಲ್ಲ. ನಿಮ್ ಇತ್ಲಲ್ಲಿ ಐತೇನೋ ಅಂತ..."

ಇದನ್ನು ಕೇಳಿ ನನಗೆ ಬಂದ ಕೋಪವನ್ನು ಹೇಗೆ ಬರೆಯಲಿ? ಹೊಲದಲ್ಲಿ ಸುಟ್ಟವರು ಇವರು, ಅಂಗಳದಲ್ಲಿ ಕೆತ್ತಿದವರು ಇವರು, ದೇವರ ತಲೆಗೆ ಬೇಕೆಂದು ಬುಟ್ಟಿ ಹಿಡಿದು ಬಂದವರೂ ಇವರೇ! ಬೇಲಿಯ ಹಿಂದೆ ನನ್ನ ಗಿಡಗಳು ಮೊಣಕಾಲೆತ್ತರಕ್ಕೆ ಬೆಳೆದು ಹೂ ಬಿಟ್ಟಿದ್ದವು. ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪರಸ್ಥಳದವಳ ಹಿತ್ತಿಲು ಬಿಟ್ಟರೆ ಈ ಬೀದಿಯಲ್ಲಿ ಬೇರೆಲ್ಲೂ ಅದು ಉಳಿದಿಲ್ಲ ಎಂಬುದು ಅವರ ಬಾಯಿಂದಲೇ ಬಂದಿತ್ತಲ್ಲ.

"ನಾನೇ ಕೊಯ್ದು ತರುತ್ತೇನೆ. ಪೂಜೆ ಆದಮೇಲೆ ಹೂವು ನನಗೆ ವಾಪಸ್ಸು ಬೇಕು, ಬೀಜಕ್ಕೆ," ಎಂದೆ. ಒಪ್ಪಿದರು.

ಕಣದಲ್ಲಿ ಅವರ ನೆಂಟರಿಗೆಲ್ಲ ಪುಟ್ಟತಾಯಮ್ಮ ನನ್ನನ್ನು ತೋರಿಸಿದರು. "ನಮ್ ಸಿಸ್ಟರಮ್ಮ ಕಣ್ರೀ, ಇವ್ರು ಬೆಳ್ದಿದ್ದು." ಆ 'ನಮ್' ಎಂಬುದು ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಊರಿನಲ್ಲಿ ಆ ಹೊತ್ತಿಗೆ ನೀವೆಲ್ಲ ಹೊಳೆಯ ದಂಡೆಯಲ್ಲಿ ಸಜ್ಜೆ ರೊಟ್ಟಿ, ಎಣಗಾಯಿ ಬಿಚ್ಚಿಕೊಂಡು ಕೂತಿರುತ್ತೀರಿ ಎಂಬುದೂ ನೆನಪಾಯಿತು. ಅಷ್ಟರಲ್ಲಿ ಅವರ ಯಜಮಾನರು ನನ್ನ ಕಡೆ ತಿರುಗಿ, "ಇತ್ಲಲ್ಲಿ ಜಾಸ್ತಿ ಬುಡ್ಬ್ಯಾಡಿ ಸಿಸ್ಟರಮ್ಮ, ಬೀಜ ನಮ್ಮೊಲಕ್ಕೆ ಆರ್‍ತದೆ. ಬೇಕಂದ್ರೆ ನಾನೇ ಬಂದು ಔಸ್ದಿ ಒಡ್ಕೊಡ್ತೀನಿ," ಎಂದರು. ಪ್ರೀತಿಯಿಂದಲೇ ಹೇಳಿದರು.

ಪೂಜೆ ಮುಗಿದ ಮೇಲೆ ಬೆನಕನ ನೆತ್ತಿಯ ಹೂವನ್ನು ಎತ್ತಿಕೊಂಡು ಬಂದು, ಒಣಗಿಸಿ ಕೊಡವಿದ್ದೇನೆ. ಅರ್ಧ ಬೀಜ ಬೇಲಿಯೊಳಗೆ ಚೆಲ್ಲಿದ್ದೇನೆ. ಇನ್ನರ್ಧ ಯುಗಾದಿಗೆ ಊರಿಗೆ ಬರುವ ನನ್ನ ಚೀಲದಲ್ಲಿದೆ. ಇಲ್ಲಿ ಪುಟ್ಟತಾಯಮ್ಮನ ಗುದ್ದಲಿ ಇದೆ, ಅಲ್ಲಿ ನಮ್ಮವ್ವನ ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ ಇದೆ. ಅವ್ವಾ, ಇದನ್ನು ಓದುತ್ತಿದ್ದರೆ ಈಗಲೇ ಹೇಳಿರುತ್ತೇನೆ: ಬರುವಾಗ ಮುಳ್ಳನ್ನೂ ತರುತ್ತೇನೆ.